ಕಾಕವಿ ಕುಡದ ಕಾರ್ಬೋರೇಟರ್

...ಅಲ್ಲ, ಕಾಗವಾಡಕ್ಕ ದಾರಿ ಯಾವ ಕಡೆ ಅಂತ ಕೇಳಿದಾಕಿ ನಾನು. ಸ್ಟೇರಿಂಗ್ ಹಿಡದು ಕುಂತಾಕಿ ನಾನು. ಕಿಡಕ್ಯಾಗಿಂದ ತೆಲಿ ಹೊರಗ ಹಾಕಿ ಗಂಟಲು ಹರಕೊಂಡು ಒದರಿದಾಕೀನೂ ನಾನೇ. ಆ ಕಬ್ಬಿನ ಗಾಡಿ ಹೊಡ್ಯಾಂವ ಎತ್ತು ನಿಂದ್ರಿಸಿದ, ಬಾಯಾಗಿನ ಎಲಿ ಉಗುಳಿದ, ಆಮ್ಯಾಲೆ ನನ್ನ ಮುಖಾ ದಾಟಿ ಆಚೀ ಸೀಟಿನ್ಯಾಗ ಕುಂತಿದ್ದ ನಮ್ಮ ದಾದಾನ ಕಡೆ ನೋಡಿಕೋತ ಹೇಳಾಕ ಹತ್ತಿದ: "ಸೀದಾ ಹೋಗ್ರಿ ಕಾಕಾ, ಒಂದು ಕೆನಾಲ್ ಬರ್ತೈತಿ, ಅಲ್ಲಿ ಬಲಕ್ಕ ಹೊಳ್ಳಸ್ರಿ." ಹೊಳ್ಳಸ್ರಿ ಅಂತ! ದಾದಾಗ, ಅಂದ್ರ ನನ್ನ ಅಣ್ಣ, ನಿಮ್ಮ ತುಕಾರಾಮಜ್ಜಗ, ಸ್ಟೇರಿಂಗ್ ಯಾವುದು, ಹಾರ್ನ್ ಯಾವುದು ಅನ್ನೂದು ಇವತ್ತಿಗೂ ಗೊತ್ತಿಲ್ಲ. ಆದ್ರ ಆ ಮನಶ್ಯಾ ಹೇಳಿದ್ದಕ್ಕ ಇಂವ "ಹೂಂ, ಹೂಂ, ಬಲಕ್ಕ" ಅಂತ ಗೋಣು ಹಾಕಿದ್ದೇ ಹಾಕಿದ್ದು. ನಗಬ್ಯಾಡ್ರಿ. ನಾನು ಆವಾಗ ನಕ್ಕಿಲ್ಲ, ಈಗೂ ನಗೂದಿಲ್ಲ.

ದಾರಿ ಯಾಕ ತಪ್ಪಿತ್ತು ಅಂದ್ರ, ಕಬ್ಬಿನ ರೇಟಿನ ಸಲುವಾಗಿ ರೈತರು ರಸ್ತಾದ ಮ್ಯಾಲೆ ಕುಂತಿದ್ರು. ರಾಯಬಾಗದಿಂದ ಕುಡಚಿಗೆ ಹೋಗೂ ದೊಡ್ಡ ರಸ್ತಾ ಬಂದ್. ಅವರು ಕುಂತಿದ್ದು ಬರೋಬರಿ ಐತಿ, ನಾನೂ ಇದ್ರ ಕುಂದರ್ತಿದ್ದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಅದಕ್ಕ ದಿಗ್ಗೇವಾಡಿ ಕಡೆ ಒಳದಾರಿ ಹಿಡದ್ವಿ. ನಾನು ದಿಲ್ಲಿ ನೋಡೇನಿ, ಕಲ್ಕತ್ತಾ ನೋಡೇನಿ, ಗುವಾಹಟಿಯೊಳಗ ಚಪ್ಪಲ್ ಮಾರೇನಿ, ಎಲ್ಲಿಯೂ ದಾರಿ ತಪ್ಪಿದಾಕಿ ಅಲ್ಲ. ನಮ್ಮ ತಾಲೂಕಿನ್ಯಾಗ ತಪ್ಪಿದೆ. ಎರಡೂ ಕಡೆ ಕಬ್ಬು ಆಳೆತ್ತರ, ಅಲ್ಲ ಅಲ್ಲ, ಎರಡಾಳೆತ್ತರ ನಿಂತಿತ್ತು. ಗುಡಿ ಇಲ್ಲ, ಟಾವರ್ ಇಲ್ಲ, ಗುರ್ತು ಹಿಡ್ಯಾಕ ಏನೂ ಕಾಣೂದಿಲ್ಲ, ಮ್ಯಾಲೆ ಒಂದು ಬಣವಿ ಅಗಲ ಆಕಾಶ, ಅಷ್ಟೇ. ಹೊಳ್ಳಿದ ಕಡೆ ಮತ್ತ ಕಬ್ಬು.

ಮತ್ತ ಅವಸರ ಹೆಂಥಾದ್ದು ಗೊತ್ತೇನು? ಗಾಡಿ ತುಂಬ ಚಪ್ಪಲ್. ಹಿಂದಿನ ಸೀಟು, ಡಿಕ್ಕಿ, ಮ್ಯಾಲಿನ ಕ್ಯಾರಿಯರ್, ದಾದಾನ ಕಾಲಬುಡಕ, ಎಲ್ಲಾ ಕಡೆ ಬಾಕ್ಸು. ನಮ್ಮ ಓಣ್ಯಾಗಿನ ಹೆಣ್ಮಕ್ಕಳೆಲ್ಲಾರೂ ಮಳಿಗಾಲದಿಂದ ಕುಂತು ಹೆಣದ ಮಾಲು ಅದು. ಗಂಡಸರು ಅಟ್ಟಿ ಕಡದು ಕೊಡ್ತಾರ, ಮ್ಯಾಲಿನ ವೇಣಿ ಹೆಣಿಯಾಕ, ದಾರದಂಗ ಸೀಳಿದ ಚರ್ಮಾ ಜಡಿ ಹಾಕಾಕ, ನಮ್ಮ ಹೆಂಗಸರ ಕೈಬಳ್ಳೇ ಬೇಕು. ಆದ್ರ ಆ ತನಕಾ ಮಾರೂದು ಯಾರ ಕೈಯಾಗಿತ್ತು? ಒಬ್ಬ ದಲಾಲನ ಕೈಯಾಗ. ಆಂವ ಬಂದು, ಕಟ್ಟಿ ಮ್ಯಾಲೆ ಕುಂತು, ಒಂದು ಚಪ್ಪಲ್ ತಗೊಂಡು ಬಾಗಿಸಿ, ಮೂಗು ಮುರದು, ತಾ ಹೇಳಿದ್ದೇ ರೇಟು ಅಂತ ಹೇಳಿ ಒಯ್ತಿದ್ದ. ಆ ವರ್ಷ ನಾವು ಒಂದು ಸಂಘಾ ಮಾಡಿ, ದಿಲ್ಲಿ ಪ್ರದರ್ಶನದಾಗ ನಮ್ಮದೇ ಹೆಸರಿನ್ಯಾಗ ಒಂದು ಸ್ಟಾಲ್ ತಗೊಂಡಿದ್ವಿ. ಸುರುವಿನ ದಿನಾ ಬಂದು ಅಂಗಡಿ ತೆಗೀಲಿಲ್ಲಂದ್ರ ಸ್ಟಾಲ್ ಮತ್ತೊಬ್ಬರಿಗೆ ಅಂತ ಅವರ ನೇಮ. ಅದಕ್ಕ ಅವತ್ತ ಸಂಜೀ ದಿಲ್ಲಿ ರೈಲು ಮಿರಜಿನ್ಯಾಗ ಹಿಡೀಲೇಬೇಕಿತ್ತು. ಹಿಡೀಲಿಲ್ಲಾ, ಅಷ್ಟೂ ಮಾಲು ವಾಪಸ್ ಆ ದಲಾಲನ ಕಾಲಬುಡಕ. ಆಂವ ಹೇಳಿದ್ದ ಸೈತ: "ಹೋಗ್ರಿ ಹೋಗ್ರಿ, ದಿಲ್ಲಿ ನೋಡಿ ಬರ್ರಿ. ಆಮ್ಯಾಲೆ ನನ್ನ ಬಾಗಲಕ್ಕೇ ಬರ್ತೀರಿ." ಆ ಮಾತು ನನ್ನ ಕಿವ್ಯಾಗ ಇರಬಿ ಹೊಕ್ಕಂಗ ಹೊಕ್ಕಿತ್ತು.

ಅಡ್ಡಾಡಿ ಅಡ್ಡಾಡಿ ಪೆಟ್ರೋಲ್ ತಳಾ ಹತ್ತಿತು. ಕಬ್ಬಿನೊಳಗ ಎಲ್ಲಿ ಪಂಪ್ ಸಿಗಬೇಕು? ಆವಾಗ ದಾದಾ ದೊಡ್ಡ ಶಾಣ್ಯಾ ಆಗಿ ಅಂದ: "ಶೇವಂತಾ, ನೀ ಯಾಕ ಹೆದರ್ತಿ, ನಾ ಮೊದಲೇ ಒಂದು ಕ್ಯಾನ್ ತುಂಬಿಸಿ ಇಟ್ಟೇನಲ್ಲ." ಇಳದ, ಡಿಕ್ಕಿಯೊಳಗಿಂದ ಬಿಳೀ ಕ್ಯಾನ್ ತಗದ, ಟ್ಯಾಂಕಿಗೆ ಸುರುವಿದ, ಖಾಲಿ ಕ್ಯಾನು ಬಡದು ಬಡದು ಕಡೀ ಹನಿ ತನಕಾ ಇಳಿಸಿದ. ನಾನು ಶಾಬಾಸ್ ಅಂದೆ. ಹೌದು, ಅಂದೆ. ಅದನ್ನ ನೆನಸಿಕೊಂಡ್ರ ಇನ್ನಾ ಹೊಟ್ಟಿ ಉರಿತೈತಿ.

ಕೆನಾಲ್ ಬಂತು, ಬಲಕ್ಕ ಹೊಳ್ಳಿಸಿದೆ, ಒಂದು ತುಕಡಿ ರಸ್ತಾ ಬರೋಬರಿ ಹೋತು. ಆಮ್ಯಾಲೆ ಗಾಡಿ ಬಿಕ್ಕಾಕ ಹತ್ತಿತು. ಅಂಬಾಸಿಡರ್ ಗಾಡಿ, ಹಳೇದು, ಪೆಟ್ರೋಲಿಂದು, ನಾನೇ ಕೊಂಡಿದ್ದು, ಅದರ ಒಂದೊಂದು ಸಪ್ಪಳಾ ನನಗ ಗೊತ್ತು. ಆಕ್ಸಿಲೇಟರ್ ಒತ್ತಿದ್ರ ಉಸರು ಕಟ್ಟಿ ನಿಂದರೂದು, ಕಾಲು ತಗದ್ರ ಸಣ್ಣಗೆ ಬುಡುಬುಡು ಅಂತ ಜೀವಾ ಹಿಡಕೊಂಡಿರೂದು. ಚೋಕ್ ಜಗ್ಗಿ ನೋಡಿದೆ. ಚೋಕ್ ಜಗ್ಗಿದ್ರ ನಾಕು ಮಾರು ಜಿಗದು ಹೋಗತಿತ್ತು, ಬಿಟ್ರ ಮತ್ತ ನಿಂದರೂದು. ಅಷ್ಟಕ್ಕೇ ನನಗ ತಿಳೀತು. ಚೋಕ್ ಅಂದ್ರ ಗಾಳಿ ಕಡಿಮಿ ಮಾಡಿ ಪೆಟ್ರೋಲ್ ಹೆಚ್ಚು ಎಳಿಯೂದು. ಚೋಕ್ ಜಗ್ಗಿದಾಗ ಓಡತೈತಿ ಅಂದ್ರ ಇಂಜಿನ್ನಿಗೆ ಹಸಿವಿ ಐತಿ, ಉಣಸು ಕಡೆ ಅಡ್ಡ ಆಗೇತಿ. ಉಣಸೂದು ಯಾವುದು? ಕಾರ್ಬೋರೇಟರ್. ಪೆಟ್ರೋಲು, ಗಾಳಿ ಕಲಿಸಿ ಇಂಜಿನ್ನಿನ ಬಾಯಿಗೆ ತುತ್ತು ಇಡೂದು ಅದರ ಕೆಲಸ. ನಾನು ಹರೇದಾಗ ಕೊಲ್ಲಾಪುರದಾಗ ಒಂದು ಗ್ಯಾರೇಜಿನ್ಯಾಗ ಕೆಲಸಕ್ಕ ಇದ್ದೆ, ನನ್ನ ಮೊದಲನೇ ನೌಕರಿ ಅದು, ದಿನಾ ಕಾರ್ಬೋರೇಟರ್ ಬಿಚ್ಚಿ ತೊಳಿಯೂದೇ ಕೆಲಸ. ಉಗರಿನ ಸಂದಿಯೊಳಗಿನ ಕಪ್ಪು ಲಗ್ನದ ದಿನಾನೂ ಹೋಗಿರಲಿಲ್ಲ, ಅರಿಷಿಣಾ ಹಚ್ಚಾಕ ಬಂದವರು ಮೂಗು ಮುಚ್ಚಿಕೊಂಡಿದ್ರು. ಅದು ಇರ್ಲಿ.

ಬಾನೆಟ್ ಎತ್ತಿದೆ. ಪಂಪಿನ ಪೈಪ್ ಕಿತ್ತು, ದಾದಾಗ ಕೀಲಿ ತಿರವು ಅಂದೆ. ಎಷ್ಟು ಹೇಳಿದ್ರೂ ಆಂವಗ ತಿರವಾಕ ಬರೂದಿಲ್ಲ, ವೈಪರ್ ಹಚ್ಚಿದ. ನಾನೇ ಹೋಗಿ ತಿರವಿದೆ. ಪೈಪಿನಿಂದ ಪೆಟ್ರೋಲ್ ಚಿರ್ ಚಿರ್ ಅಂತ ಬರಾಕತ್ತಿತ್ತು. ಅಂದ್ರ ಪಂಪ್ ಚಲೋ ಐತಿ. ಪ್ಲಗ್ಗಿನ ಕಿಡಿ ನೋಡಿದೆ, ನೀಲಿ, ಚಟ್ ಚಟ್. ಅದೂ ಚಲೋ. ಉಳದಿದ್ದು ಕಾರ್ಬೋರೇಟರ್ ಒಂದೇ. ಆದ್ರ ಅದರ ಜೆಟ್, ಪೆಟ್ರೋಲ್ ಹಾಯೂ ಸಣ್ಣ ತೂತಿನ ನಳಿಗಿ, ಬಿಚ್ಚು ಸಣ್ಣ ಪಾನಾ ನನ್ನ ಚೀಲದಾಗ ಇರಲಿಲ್ಲ. ಅಷ್ಟರಾಗ ಕಬ್ಬಿನ ಟ್ರ್ಯಾಕ್ಟರ್ ಒಂದು ಬಂತು, ಹಗ್ಗಾ ಕಟ್ಟಿ ಎಳದು ಒಂದು ಕ್ರಾಸಿಗೆ ತಂದು ಬಿಟ್ಟ, ಅಲ್ಲೊಬ್ಬ ಮಿಸ್ತ್ರಿ. ತಗಡಿನ ಶೆಡ್ಡು, ಮುಂದ ನಾಕು ಮಂದಿ ಹರಟಿ ಹೊಡಿಯಾಕತ್ತಿದ್ರು.

ನಾ ಇಳದು ಹೋಗಿ ಹೇಳಿದೆ: "ಮಿಸ್ತ್ರಿ, ಕಾರ್ಬೋರೇಟರಿನ ಮೇನ್ ಜೆಟ್ ಕಟ್ಟೇತಿ. ಬಿಚ್ಚಾಕ ಪಾನಾ ಕೊಡ್ರಿ ಸಾಕು, ನಾ ಮಾಡ್ಕೋತೀನಿ."

ಆಂವ ದಾದಾನ ಕೇಳಿದ: "ಏನಾಗೇತ್ರಿ ಕಾಕಾ?"

ದಾದಾ ಅಂದ: "ಗಾಡಿ ಬಂದ್ ಬಿದ್ದೈತ್ರಿ."

"ಹಂಗಾರ ಕಾಯಿಲ್ ಹೋಗಿರ್ತೈತಿ."

"ಇರಬಹುದ್ರಿ."

ಇರಬಹುದ್ರಿ! ಇಬ್ರೂ ಕೂಡಿ ತೀರ್ಮಾನಾ ಮಾಡಿದ್ರು. ನಾನು ಅಲ್ಲೇ ನಿಂತೇನಿ, ಕಂಬ ನಿಂತಂಗ. "ಕಾಯಿಲ್ ಹೋಗಿದ್ರ ಕಿಡಿ ಎಲ್ಲಿಂದ ಬರ್ತಿತ್ತು? ಕಿಡಿ ಬರಾಕತ್ತೈತಿ, ನಾ ನೋಡೇನಿ" ಅಂದೆ. ಮಿಸ್ತ್ರಿ ದಾದಾಗೇ ಹೇಳಿದ: "ಬಾಯಾರಿಗೆ ನೆಳ್ಳಾಗ ಕುಂದ್ರಾಕ ಹೇಳ್ರಿ, ಬಿಸಲು ಭಾಳ ಐತಿ." ಆಮ್ಯಾಲೆ ಕಾಯಿಲ್ ಬಿಚ್ಚಿದ, ಅಲ್ಲಿ ಏನೂ ಇರಲಿಲ್ಲ. ಪ್ಲಗ್ ಬಿಚ್ಚಿದ, ಒರಿಸಿದ, ಹಾಕಿದ. ಡಿಸ್ಟ್ರಿಬ್ಯೂಟರ್ ತಿರುವಿ, ಕಿಡಿ ಹಾರೂ ಟೈಮಿಂಗ್ ಚಲೋ ಇದ್ದದ್ದು ಕೆಡಿಸಿದ. ಹರಟಿ ಮಂದಿಯೊಳಗ ಒಬ್ಬಾಂವ "ಇಂಜಿನ್ನೇ ಹೋಗಿರ್ಬೇಕು" ಅಂದ, ಮತ್ತೊಬ್ಬಾಂವ "ಡಿಜೆಲ್ ಹಾಕಸ್ರಿ ಇದಕ್ಕ" ಅಂದ. ಹೊತ್ತು ನೆತ್ತಿ ದಾಟಾಕತ್ತಿತ್ತು. ನನ್ನ ಕಣ್ಣ ಮುಂದ ಬರೇ ಆ ದಲಾಲನ ಮಾರಿ. ಕಡೀಕ ನಾನು ಶೆಡ್ಡಿನೊಳಗ ಹೋಗಿ, ಆಂವನ ಡಬ್ಬಿಗೆ ಕೈ ಹಾಕಿ, ನನಗ ಬೇಕಾದ ಪಾನಾ ತಗೊಂಡು ಬಂದು, ಅವರೆಲ್ಲಾರನ್ನೂ ಸರಿಸಿ ಕಾರ್ಬೋರೇಟರಿನ ಮುಚ್ಚಳಾ ಬಿಚ್ಚಿದೆ. "ಏ ಏ ಬಾಯಾರ, ಅದು ಬಿಚ್ಚಬಾರ್ದು" ಅಂದ. "ಸುಮ್ನಿರು" ಅಂದೆ.

ಮುಚ್ಚಳದ ಕೆಳಗ ಪೆಟ್ರೋಲ್ ನಿಂದರು ಒಂದು ಬಟ್ಟಲಾ ಇರ್ತೈತಿ. ಆ ಬಟ್ಟಲದ ತಳಕ್ಕ ಏನು ಕುಂತಿತ್ತು ಅಂತೀರಿ? ಕಂದು ಬಣ್ಣದ್ದು, ಜೇನಿನಂಗ, ಗುಂಡು ಗುಂಡಕ, ಪೆಟ್ರೋಲಿನೊಳಗ ಕರಗಲಾರ್ದ ಕುಂತಿತ್ತು. ಬಳ್ಳಿಲೆ ಎತ್ತಿದೆ. ಅಂಟು. ಮೂಸಿ ನೋಡಿದೆ, ಪೆಟ್ರೋಲಿನ ವಾಸನಿ ಅಡ್ಡ ಬಂತು. ನಾಲಿಗಿ ತುದೀಲೆ ಮುಟ್ಟಿದೆ. ಹೌದ್ರೋ, ಮುಟ್ಟಿದೆ, ಮುಖಾ ಹಂಗ ಮಾಡಬ್ಯಾಡ್ರಿ. ಸೀ. ಬೆಲ್ಲದ ಸೀ.

ನಾನು ದಾದಾನ ಕಡೆ ಹೊಳ್ಳಿದೆ. "ಆ ಕ್ಯಾನ್ ಎಲ್ಲಿಂದು?"

"ಯಾವ ಕ್ಯಾನ್?"

"ದಾದಾ. ಆ ಬಿಳೀ ಕ್ಯಾನ್."

"ಮನ್ಯಾಗಿಂದು."

"ಮನ್ಯಾಗ ಅದರಾಗ ಏನಿತ್ತು?"

ಆಂವ ಮ್ಯಾಲೆ ಆಕಾಶಾ ನೋಡಿದ, ಕೆಳಗ ಕಾಲು ನೋಡಿದ. "ಗಾಣದಿಂದ ಕಾಕವಿ ತಂದಿದ್ವಲ್ಲ... ಆದ್ರ ನಾ ತೊಳದೇನಿ! ಎರಡು ಸಲಾ ನೀರು ಹಾಕಿ ಗುಳಗುಳ ಮಾಡಿ ತೊಳದೇನಿ!"

ಕಾಕವಿ ನಿಮಗ ಗೊತ್ತೈತೆಲ್ಲ, ಗಾಣದಾಗ ಬೆಲ್ಲಾ ಗಟ್ಟಿ ಆಗೂಕಿಂತ ಮೊದಲು ಇಳಿಸಿಕೊಳ್ಳೂ ಪಾಕ, ರೊಟ್ಟಿಗೆ ಹಚ್ಚಿಕೊಂಡು ತಿಂತೀರಿ. ಅದನ್ನ ಕ್ಯಾನಿನೊಳಗ ತುಂಬಿ ತರೂದು ನಮ್ಮ ಕಡೆ ರೂಢಿ. ಜಗತ್ತಿನ್ಯಾಗ ಬ್ಯಾರೆ ಯಾರಿಗೂ ಈ ಬುದ್ಧಿ ಬರೂದಿಲ್ಲ, ಕಾಕವಿ ತಂದ ಕ್ಯಾನಿಗೆ ನೀರು ಹಾಕಿ ತೊಳದು, ಬಿಸಲಿಗೆ ಬೋರಲು ಇಡಲಾರದ, ಹಸೀದರೊಳಗ ಪೆಟ್ರೋಲ್ ತುಂಬೂದು. ಬೆಲ್ಲದ ನೀರು ಪೆಟ್ರೋಲಿಗೆ ಕೂಡೂದಿಲ್ಲ, ಭಾರ ಆಗಿ ತಳಕ್ಕ ಕುಂದರ್ತೈತಿ. ತಳದಾಗೇ ಜೆಟ್ಟಿನ ತೂತು, ಸೂಜಿ ಹೋಗದಷ್ಟು ಸಣ್ಣದು. ಅಲ್ಲಿ ಒಂದು ಹನಿ ಕಾಕವಿ ನಿಂತ್ರ ಮುಗೀತು, ಮನೀ ಬಾಗಲಿಗೆ ಎಮ್ಮಿ ಅಡ್ಡ ಮಲಗಿದಂಗ. ನಾ ದಾದಾಗ ಏನೇನು ಅಂದೆ ಅನ್ನೂದು ನಿಮ್ಮ ಮುಂದ ಹೇಳೂದಿಲ್ಲ. ಹರಟಿ ಮಂದಿ ಎದ್ದು ನಿಂತು ಕೇಳಿದ್ರು. ಕನ್ನಡ ಸಾಲಲಿಲ್ಲ, ಮರಾಠಿಗೆ ಹೋದೆ, ಅದೂ ಮುಗೀತು, ಕಲ್ಕತ್ತಾದಾಗ ಕಲತಿದ್ದು ಒಂದೆರಡು ಇದ್ವು, ಅವನ್ನೂ ಬಿಟ್ಟೆ.

ಕಾರ್ಬೋರೇಟರ್ ಪೂರಾ ಕೆಳಗ ಇಳಿಸಿ, ಜೆಟ್ ತಗದು ಊದಿ, ಬಟ್ಟಲಾ ಒರಿಸಿ ಸ್ವಚ್ಛ ಮಾಡಿದೆ. ಅಲ್ಲಿಗೆ ಮುಗೀಬೇಕಿತ್ತು. ಆದ್ರ ಕಾರ್ಬೋರೇಟರ್ ವಾಪಸ್ ಇಂಜಿನ್ನಿನ ಮ್ಯಾಲೆ ಕುಂದ್ರಿಸು ಹೊತ್ತಿಗೆ ಮಿಸ್ತ್ರಿಗೆ ಗಂಡಸ್ತನಾ ಏರಿತು. "ಬಿಡ್ರಿ ಬಿಡ್ರಿ, ನಟ್ ಬಿಗಿ ಮಾಡೂದು ಬಾಯಾರ ಕೈಲೆ ಆಗೂದಿಲ್ಲ" ಅಂತ ಪಾನಾ ಕಸಗೊಂಡ. ಅದು ಎರಕದ ಸಾಮಾನು, ಬಿಸ್ಕಿಟಿನ ಜಾತಿ, ಎರಡೂ ಕಡೆ ಸಾವಕಾಶ, ಒಂದೊಂದು ಸುತ್ತು ಬಿಗೀಬೇಕು. ಆಂವ ಟ್ರ್ಯಾಕ್ಟರ್ ಬಿಚ್ಚಾಂವ, ಪಾನಾಕ್ಕ ಒಂದು ಉದ್ದ ಪೈಪ್ ಸಿಗಸಿ, ಒಂದೇ ಕಡೆ ಮೈಮ್ಯಾಲಿನ ಜೋರೆಲ್ಲಾ ಹಾಕಿದ. "ಸಾಕು" ಅಂದೆ. ಮತ್ತ ಹಾಕಿದ. "ಲೇ ಸಾಕೋ!" ಅಂದೆ. ಟಕ್. ಕಾರ್ಬೋರೇಟರಿನ ನಟ್ ಕುಂದರೂ ಕಿವೀನೇ ಮುರದು ಆಂವನ ಅಂಗೈಯಾಗ ಬಂತು.

ಮಿಸ್ತ್ರಿ ಆ ತುಂಡು ಹಿಡಕೊಂಡು ಏನಂದ ಗೊತ್ತೇನು? "ಮೊದಲೇ ಸೀಳಿತ್ತ್ರಿ ಕಾಕಾ." ಕಾಕಾಗ! ಆವಾಗೂ ಕಾಕಾಗೇ ಹೇಳಿದ! ನಾನು ಅಂದೆ, "ನಿನಗ ನನ್ನ ಕೂಡ ಮಾತಾಡಾಕ ಏನು ಅಡ್ಡ ಐತಿ? ಗಾಡಿ ನಂದು, ನಡಸಾಕಿ ನಾನು, ರೋಗಾ ಹೇಳಿದಾಕಿ ನಾನು, ಔಷಧಾ ಮಾಡಿದಾಕಿ ನಾನು. ನೀ ಮಾಡಿದ್ದು ಒಂದೇ, ಮುರದಿದ್ದು." ಆಂವ ತೆಲಿ ತಗ್ಗಿಸಿ ಕೊರಳಾಗಿನ ಟಾವೆಲ್ಲಿಗೆ ಕೈ ಒರಿಸಿಕೊಂಡ. ಆಮ್ಯಾಲೆ ಹೊಸಾದು ಮಿರಜಿನ್ಯಾಗ ಸಿಗತೈತಿ ಅಂದ. ಮಿರಜಕ್ಕ ಹೋಗಾಕ ಆಗವಲ್ದಂತಲೇ ಇಷ್ಟೆಲ್ಲಾ ಆಗಿದ್ದು, ಮಿರಜಿನ್ಯಾಗ ಸಿಗತೈತೆಂತ! ಮತ್ತ ತುಸು ಹೊತ್ತಿಗೆ, ಪುಣ್ಯಾ ಬರ್ಲಿ, ಒಂದು ಮಾತು ಹೇಳಿದ: "ಅಲ್ಲಿ ಜೈನರ ತ್ವಾಟದ ಮನ್ಯಾಗ ಇಂಥಾದ್ದೇ ಅಂಬಾಸಿಡರ್ ನಿಂತೈತಿ. ಆದ್ರ ಆ ಮುದಕಿ ಯಾರಿಗೂ ಕೈ ಹಚ್ಚಾಕ ಬಿಡೂದಿಲ್ಲ. ನಾ ಕೇಳಾಕ ಹೋದ್ರ ನಾಯಿ ಬಿಟ್ಟಿದ್ಲು."

ಪಾನಾದ ಚೀಲಾ ದಾದಾನ ಹೆಗಲಿಗೆ ಹಾಕಿ ನಡಕೋತ ಹೋದೆ. ಅರಿಷಿಣದ ಹೊಲಾ ದಾಟಿದ್ರ ಮನಿ. ಅಂಗಳದಾಗ ತಗಡಿನ ಪತ್ರಾಸಿನ ಕೆಳಗ ಬಿಳೀ ಅಂಬಾಸಿಡರ್, ಕನ್ನಡಿ ಒರಿಸಿದಂಗ ಒರಿಸಿಟ್ಟಿದ್ರು. ಬಾಜೂಕ ಒಬ್ಬ ಮುದಕಿ ಕಾಳು ಆರಿಸಿಕೋತ ಕುಂತಿದ್ಲು, ಹೆಸರು ಚಂದ್ರಾಬಾಯಿ. ನಾಯಿ ಬಿಡಲಿಲ್ಲ. ನಾನು ಸುತ್ತು ಬಳಸಿ ಮಾತಾಡಾಕಿ ಅಲ್ಲ, ಸೀದಾ ಹೇಳಿದೆ: "ಬಾಯಾರ, ನನ್ನ ಗಾಡಿ ಕಾರ್ಬೋರೇಟರ್ ಮುರದೈತಿ. ಸಂಜೀ ರೈಲಿಗೆ ಚಪ್ಪಲ್ ಮುಟ್ಟಸಬೇಕು, ಇಡೀ ಓಣಿದು ಅನ್ನದ ಮಾಲು. ನಿಮ್ಮ ಗಾಡೀದು ಬಿಚ್ಚಿ ಕೊಡ್ರಿ. ದಿಲ್ಲಿಯಿಂದ ಬಂದ ಕೂಡಲೇ ತಂದು ಕೂಡಸ್ತೀನಿ."

ಆಕಿ ಕನ್ನಡಕದ ಮ್ಯಾಲಿಂದ ನೋಡಿದ್ಲು. ನನ್ನನ್ನ ನೋಡಿದ್ಲು, ದಾದಾನ ಅಲ್ಲ. ಬೆಳಗಿನಿಂದ ಅದೇ ಮೊದಲು. "ಬಿಚ್ಚಾವ್ರು ಯಾರು?"

"ನಾನೇ."

"ಇಂವ?"

"ಇಂವಗ ಏನೂ ಬರೂದಿಲ್ಲ."

ದಾದಾ ಹೂಂ ಅಂತ ಗೋಣು ಹಾಕಿದ. ಮುದಕಿ ನಕ್ಕಳು, ಹಲ್ಲಿಲ್ಲದ ಬಾಯಿಲೆ. ಆಮ್ಯಾಲೆ ತನ್ನ ಸುದ್ದಿ ಹೇಳಿದ್ಲು. ಗಂಡ ತೀರಿಕೊಳ್ಳೂಕಿಂತ ಮೊದಲು ಆಕಿಗೆ ಒಂದೇ ಕಲಿಸಿದ್ದ, ಗಾಡಿ ಚಾಲೂ ಮಾಡೂದು, ಬಂದ್ ಮಾಡೂದು. ನಡಸಾಕ ಕಲಿಸಿರಲಿಲ್ಲ. ಆದ್ರೂ ಆಕಿ ಪ್ರತೀ ಐತವಾರ ಮುಂಜಾನೆ ಚಾಲೂ ಮಾಡಿ, ಒಂದಷ್ಟು ಹೊತ್ತು ಒಳಗ ಕುಂತು, ಬಂದ್ ಮಾಡ್ತಿದ್ಲು. ಮೈದುನ ಅಪ್ಪಾಸಾಬ ಇದನ್ನ ಗುಜರಿಗೆ ಹಾಕೂಣು ಅಂತ ಹಿಂದ ಬಿದ್ದಿದ್ದ. "ಚಾಲೂ ಇರು ತನಕಾ ಮುಟ್ಟೂದಿಲ್ಲ, ಎಂದು ಚಾಲೂ ಆಗೂದಿಲ್ಲೋ ಅಂದು ಗುಜರಿಯಾಂವನ ಕರೀತೀನಿ ಅಂದಾನ" ಅಂದ್ಲು. "ಈಗ ನೀ ಕೇಳಾಕತ್ತೀದಿ, ಅದರ ಜೀವಾನೇ ಕಿತ್ತು ಕೊಡು ಅಂತ."

ನಾನು ದಾದಾಗ ನಡಿ ಅಂದು ಹೊಳ್ಳಿದೆ. ಆಕೀನೇ ಎದ್ದು ಬಾನೆಟ್ ಎತ್ತಿದ್ಲು. ಒಂದು ಮೆತ್ತನ್ನ ಬಟ್ಟೀಲೆ ಇಂಜಿನ್ನಿನ ಮ್ಯಾಲೆ, ಸಂದ್ಯಾಗ ಸಾವಕಾಶ ಸವರಿ, ಇರಬಿ, ಜೇಡಾ ಏನರ ಅದಾವೇನಂತ ನೋಡಿ ಸರಿಸಿದ್ಲು. ಜೀವಾ ಸಾಯಬಾರ್ದಂತ ಅವರ ಧರ್ಮ. ಆಮ್ಯಾಲೆ "ಬಿಚ್ಚು" ಅಂದ್ಲು. "ನಿನ್ನ ಹೆಸರು ಬ್ಯಾಡ, ಊರು ಬ್ಯಾಡ. ನೀ ಬಿಚ್ಚಿದ್ದು ನೀನೇ ಬಂದು ಕೂಡಸಬೇಕು. ಮತ್ತೊಬ್ಬರ ಕೈಯಾಗ ಕೊಟ್ಟು ಕಳಸಿದ್ರ ನಾ ತಗೊಳ್ಳೂದಿಲ್ಲ."

ಬಿಚ್ಚಿದೆ. ಮಗೂನ ಎತ್ತಿಕೊಂಡಂಗ ಸೆರಗಿನ್ಯಾಗ ಸುತ್ತಿಕೊಂಡು ತಂದೆ. ಮಿಸ್ತ್ರಿಗೆ ಗಾಡಿ ಬಾಜೂಕ ಬರಗೊಡಲಿಲ್ಲ. ಮುರದದ್ದು ತಗದು ಒಗದೆ, ಅದಕ್ಕಾಗಲೇ ಇರಬಿ ಸಾಲು ಹಚ್ಚಿದ್ವು. ಕೆಳಗಿನ ಸಂದಿ ಮುಚ್ಚೂ ಹಳೇ ಗ್ಯಾಸ್ಕೆಟ್ ಕೆರದು, ಹೊಸಾದು ಒಂದು ನಮ್ಮ ಚಪ್ಪಲ್ ಬಾಕ್ಸಿನ ದಪ್ಪ ರಟ್ಟು ಕತ್ತರಿಸಿ ಮಾಡಿದೆ, ಆ ದಿನಕ್ಕ ನಡೀತಿತ್ತು ಅಷ್ಟೇ. ಕಾರ್ಬೋರೇಟರ್ ಕುಂದ್ರಿಸಿ, ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು, ಬಳ್ಳಿನ ಜೋರಿನಷ್ಟೇ ಬಿಗದೆ. ಪೈಪ್, ಚೋಕಿನ ತಂತಿ, ಆಕ್ಸಿಲೇಟರಿನ ಕಡ್ಡಿ ಎಲ್ಲಾ ಹಚ್ಚಿದೆ, ಮಿಸ್ತ್ರಿ ಕೆಡಿಸಿದ ಟೈಮಿಂಗ್ ಕಿವಿಲೆ ಕೇಳಿ ಹೊಂದಿಸೂಣು ಅಂತ ಬಿಟ್ಟೆ. ಆದ್ರ ಚಾಲೂ ಮಾಡಲಿಲ್ಲ. ಯಾಕ? ಟ್ಯಾಂಕಿನ್ಯಾಗ ಇನ್ನಾ ಆ ಕಾಕವಿ ನೀರು ಐತೆಲ್ಲ! ಹಂಗೇ ಚಾಲೂ ಮಾಡಿದ್ರ ಮುದಕೀದೂ ಕಟ್ಟತಿತ್ತು. ಟ್ಯಾಂಕಿನ ಬುಡಕ ಒಂದು ನಟ್ ಇರ್ತೈತಿ. ಅದರ ಕೆಳಗ ದಾದಾನ ಮಲಗಿಸಿದೆ. "ನಾನಾ?" ಅಂದ. "ತೊಳಿಯಾಕ ನೀನೇ ಶಾಣ್ಯಾ ಅಲ್ಲೇನು" ಅಂದೆ. ನಟ್ ಬಿಚ್ಚಿದ, ತಳದ್ದು ಕಂದು ನೀರು ಮೊದಲು ಆಂವನ ಅಂಗಿ ಮ್ಯಾಲೆ, ಆಮ್ಯಾಲೆ ಬಕೀಟಿನೊಳಗ ಇಳೀತು. ಚೊಕ್ಕ ಪೆಟ್ರೋಲ್ ಬರು ತನಕಾ ಹರಿಬಿಟ್ಟು, ಪೈಪ್ ಊದಿ, ಪಂಪಿನ ಜಾಳಗಿ ತೊಳದು, ಆಮ್ಯಾಲೆ ಸೆಲ್ಫ್ ಹೊಡದೆ. ಎದ್ದು ಕುಂತಿತು. ಡಿಸ್ಟ್ರಿಬ್ಯೂಟರ್ ತುಸು ತುಸು ತಿರವಿ ಟೈಮಿಂಗ್ ಹೊಂದಿಸಿ, ಆಕ್ಸಿಲೇಟರ್ ಒತ್ತಿದೆ, ಗುರ್ ಅಂತು. ಹರಟಿ ಮಂದಿ ದಾದಾಗ "ಭಾರೀ ಆತ್ರಿ ಕಾಕಾ" ಅಂದ್ರು. ನಾನು ಗಿಯರ್ ಹಾಕಿದೆ, ಹೊತ್ತು ಇರಲಿಲ್ಲ ಬೈಯಾಕ.

ಕುಡಚಿ, ಹೊಳಿ ಮ್ಯಾಲಿನ ಪೂಲು, ಉಗಾರ, ಕಾಗವಾಡ, ಎಲ್ಲಿಯೂ ಕಾಲು ತಗೀಲಿಲ್ಲ. ಮಿರಜಿನ್ಯಾಗ ಗಾಡಿ ಒಂದು ಗುರ್ತಿನವರ ಅಂಗಳದಾಗ ನಿಂದ್ರಿಸಿ, ಹಮಾಲರ ಕೈಲೆ ಬಾಕ್ಸು ಏರಿಸಿದಾಗ ರೈಲು ಅಲುಗಾಡಾಕ ಹತ್ತಿತ್ತು. ದಾದಾನ ಊರ ಬಸ್ಸಿಗೆ ಕಳಿಸಿದ್ದೆ, ಆ ಸೀ ಅಂಗಿ ಮ್ಯಾಲೆ ನೊಣಾ ಮುಕರಿದ್ವು. ದಿಲ್ಲ್ಯಾಗ ಸುರುವಿನ ದಿನಾನೇ ಸ್ಟಾಲ್ ತಗದೆ, ಮಾಲು ಹೋತು, ದಲಾಲನ ಬಾಗಲಿಗೆ ಯಾರೂ ಹೋಗಲಿಲ್ಲ. ಆದ್ರ ನನಗ ನಿದ್ದಿ ಬರಲಿಲ್ಲ. ಐತವಾರ ಬಂದ್ರ ಸ್ಟಾಲಿನ್ಯಾಗ ಕುಂತು ಅದೇ ವಿಚಾರ. ಅಲ್ಲಿ ಆ ಮುದಕಿ ಕೀಲಿ ಹಿಡಕೊಂಡು ಸುಮ್ಮ ಕುಂತಿರ್ತಾಳ ಅಂತ. ಎರಡು ಐತವಾರ ಹಂಗೇ ಹೋದ್ವು. ಹಳೇ ಗಾಡಿ ಸಾಮಾನಿನ ಬಜಾರಕ್ಕ ಹೋಗಿ ನನ್ನ ಗಾಡಿಗೆ ಒಂದು ಕಾರ್ಬೋರೇಟರ್ ಆರಿಸಿದೆ. ಅಂಗಡಿಯಾಂವ ಕೇಳಿದ: "ಭಾಯೀಸಾಬ್ ಕಹಾ ಹೈ?" ಗಂಡಸರು ಎಲ್ಲಿ ಅಂತ! ನೋಡ್ರಿ, ದಿಲ್ಲಿ ಏನು, ದಿಗ್ಗೇವಾಡಿ ಏನು. "ಭಾಯೀಸಾಬ್ ಕಾಕವಿ ತೊಳಿಯಾಕತ್ತಾರ" ಅಂದೆ, ಕನ್ನಡದಾಗೇ.

ಮಿರಜಿನ್ಯಾಗ ಇಳದವಳೇ ದಿಲ್ಲೀದು ನನ್ನ ಗಾಡಿಗೆ ಹಾಕಿ, ಮುದಕೀದು ತೊಳದು ಒರಿಸಿ ಸೀದಾ ತ್ವಾಟಕ್ಕ ಹೋದೆ. ಮನೀ ಮುಟ್ಟೂದ್ರಾಗ ಹೊತ್ತು ಇಳದಿತ್ತು. ಅಂಗಳದಾಗ ಅಪ್ಪಾಸಾಬ ಕುಂತಿದ್ದ, ಆಕೀ ಮೈದುನ. ನನ್ನ ನೋಡಿ ಏಳಲಿಲ್ಲ ಸೈತ. "ವೈನಿ, ಇವಳೇನು? ಚಪ್ಪಲ್ ಹೊಲಿಯಾಕಿಗೆ ಮನೀ ಗಾಡಿ ಸಾಮಾನು ಬಿಚ್ಚಿ ಕೊಟ್ಟಿದ್ಯಾ? ನಾಳಿ ಗುಜರಿಯಾಂವ ಬರ್ತಾನ, ನಾ ಹೇಳಿ ಬಂದೇನಿ."

ನಾನು ಅಂದೆ, "ಹೌದ್ರಿ, ಚಪ್ಪಲ್ ಹೊಲೀತೀವಿ. ನಿಮ್ಮ ಕಾಲಾಗಿಂದು ಹರದೈತಿ, ಅದನ್ನ ಮೊದಲು ನೋಡ್ಕೋರಿ." ಮುದಕಿ ಒಳಗಿಂದ ಕೆಮ್ಮಿದ್ಲು, ನಗು ಮುಚ್ಚಾಕ.

ಬೆಳಕು ಹೋಗೂದ್ರಾಗ ಕೂಡಿಸಿ ಮುಗಿಸಿದೆ. ಹೊಸಾ ಗ್ಯಾಸ್ಕೆಟ್ ಹಾಕಿದೆ. "ಬಾಯಾರ, ಕೀಲಿ ತರ್ರಿ" ಅಂದೆ. ಆಕಿ ಗೋಣು ಅಲ್ಲಾಡಿಸಿದ್ಲು. "ಹೊತ್ತು ಮುಳಗೇತಿ. ದೀಪದ ಹುಳಾ ಎದ್ದಾವು, ಫ್ಯಾನಿಗೆ ಸಿಕ್ಕು ಸಾಯ್ತಾವು. ಮುಂಜಾನೆ." ನನಗ ಸಿಟ್ಟು ನೆತ್ತಿಗೇರಿತು. ಊರು ಊರು ತಿರುಗಾಕಿ ನಾನು, ಒಂದು ಕಡೆ ಕುಂದರು ಜಾತಿ ಅಲ್ಲ, ಒಂದು ಕೀಲಿ ತಿರವಿದ್ರ ಮುಗೀತಿತ್ತು. ಅಪ್ಪಾಸಾಬ ಮೀಸಿಯೊಳಗ ನಗಾಕತ್ತಿದ್ದ: "ಚಾಲೂ ಆಗೂದಿಲ್ಲಂತ ಗೊತ್ತೈತಿ ಇಬ್ರಿಗೂ." ಆ ಮಾತಿಗೆ ನಿಂತೆ. ಅಲ್ಲೇ ಉಳದೆ. ಅವರು ಹೊತ್ತು ಮುಳಗೂಕಿಂತ ಮೊದಲೇ ಉಂಡಿದ್ರು, ನನಗ ತೆಗದಿಟ್ಟಿದ್ಲು, ತಮ್ಮ ತಾಟಿನ್ಯಾಗೇ ಕೊಟ್ಟಳು. ಅದನ್ನ ದೊಡ್ಡದು ಮಾಡಿ ಹೇಳಾಕಿ ಅಲ್ಲ ನಾನು. ಕೊಡಬೇಕಾದ್ದೇ ಅದು.

ಮುಂಜಾನೆ ಜಳಕಾ ಮಾಡಿ, ಬಸದಿಗೆ ಹೋಗಿ ಬಂದು, ಬಾನೆಟ್ ಎತ್ತಿ, ಬಟ್ಟೀಲೆ ಸವರಿ, ಒಂದು ಹಲ್ಲಿ ಇತ್ತು, ಅದನ್ನ ಓಡಿಸಿ, ಆಮ್ಯಾಲೆ ಒಳಗ ಕುಂತಳು. ಗುಜರಿಯಾಂವ ಟೆಂಪೋ ತಗೊಂಡು ಬಂದು ನಿಂತಿದ್ದ. ಕೀಲಿ ತಿರವಿದ್ಲು. ಕುಂಯ್ ಕುಂಯ್, ಏಳಲಿಲ್ಲ. ಮತ್ತ ತಿರವಿದ್ಲು, ಇಲ್ಲ. ಅಪ್ಪಾಸಾಬ ಟೆಂಪೋದಾಂವಗ ಕೈ ಮಾಡಿದ. ನಾನು ಒದರಿದೆ: "ನಿಂದ್ರೋ! ಒಣ ಬಟ್ಟಲಾ ಅದು, ತುಂಬಾಕ ಹೊತ್ತು ಬೇಕು. ಬಾಯಾರ, ಚೋಕ್ ಪೂರಾ ಜಗ್ಗ್ರಿ. ಕಾಲು ಒತ್ತಬ್ಯಾಡ್ರಿ. ಹೂಂ, ತಿರವ್ರಿ. ಬಿಡಬ್ಯಾಡ್ರಿ, ಬಿಡಬ್ಯಾಡ್ರಿ..." ಒಂದು ಸಲಾ ಕೆಮ್ಮಿತು, ಕರೀ ಹೊಗಿ ಉಗುಳಿತು, ಹಿಡಕೊಂಡಿತು. ಪತ್ರಾಸಿನ ಮ್ಯಾಲಿನ ಗುಬ್ಬಿ ಎಲ್ಲಾ ಹಾರಿದ್ವು. ಮುದಕಿ ಸ್ಟೇರಿಂಗ್ ಹಿಡಕೊಂಡು ಸೀದಾ ಮುಂದ ನೋಡಿಕೋತ ಕುಂತಳು, ನನ್ನ ಕಡೆ ನೋಡಲಿಲ್ಲ, ಮೈದುನನ ಕಡೆ ನೋಡಲಿಲ್ಲ. ಟೆಂಪೋದಾಂವ ಬೀಡಿ ಆರಿಸಿ ಹೊಳ್ಳಿ ಹೋದ. ಆಮ್ಯಾಲೆ ಕಿಡಕ್ಯಾಗಿಂದ ಕೈ ಹೊರಗ ಹಾಕಿ, "ನಿಂದು ಮುಟ್ಟಿತು. ಹೋಗಿ ಬಾ" ಅಂದ್ಲು.

ಅಷ್ಟೇ. ಮಂದಿ ಹಂತ್ಯಾಕಿಂದು ಏನರ ಬಿಚ್ಚಿ ತಂದ್ರ, ಅಂಗಳದಾಗ ಇಟ್ಟು ಬಂದ್ರ ಸಾಲೂದಿಲ್ಲ, ಕೂಡಿಸಿ, ಅದು ಚಾಲೂ ಆಗಿದ್ದು ನಮ್ಮ ಕಿವಿಲೆ ಕೇಳಿ ಬರಬೇಕು. ಏಳ್ರಿ ಇನ್ನ, ನನ್ನ ಕಾಲು ಜೋಮು ಹಿಡದಾವು.